ನೆಟ್‌ವರ್ಕ್ ಡ್ರೈವ್‌ನಲ್ಲಿ ಪ್ರಾಜೆಕ್ಟ್ ಕಡತಗಳ ಬಳಕೆ

ನೆಟ್‌ವರ್ಕ್ ಡ್ರೈವ್ ಎಂದರೆ ಬೇರೊಂದು ಗಣಕಯಂತ್ರ ಅಥವಾ ಸರ್ವರ್‌ನಲ್ಲಿದ್ದು, ಜಾಲದ ಮೂಲಕ ಬಳಕೆದಾರರ ಗಣಕಯಂತ್ರದಲ್ಲಿ ಸ್ಥಳೀಯ ಡ್ರೈವ್‌ನಂತೆ ಕಾಣಿಸಿಕೊಳ್ಳುವ ಸಂಗ್ರಹಣಾ ಸ್ಥಳ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಎಸ್‌ಎಂಬಿ, ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಎನ್‌ಎಫ್‌ಎಸ್ ಪ್ರೋಟೊಕಾಲ್ ಇದಕ್ಕೆ ಬಳಕೆಯಾಗುತ್ತದೆ. ಕಡತಗಳ ಹಂಚಿಕೆಗೆ ಇದು ಅನುಕೂಲಕರ. ಆದರೆ ಪುಟವಿನ್ಯಾಸ, ವಿಡಿಯೊ ಸಂಕಲನ, ಕಟ್ಟಡ ನಕ್ಷೆ, ದತ್ತಸಂಚಯ ಮುಂತಾದ ಪ್ರಾಜೆಕ್ಟ್ ಕಡತಗಳನ್ನು ನೇರವಾಗಿ ಅದರಲ್ಲಿಯೇ ತೆರೆದು ಕೆಲಸ ಮಾಡಿದರೆ ಅವು ಕೆಡುವ ಅಥವಾ ನಷ್ಟವಾಗುವ ಅಪಾಯವಿರುತ್ತದೆ.

ಅಪಾಯಗಳು

ಸಂಪರ್ಕ ಕಡಿತ: ಕಡತ ಉಳಿಸುವಾಗ ಸಂಪರ್ಕ ತಪ್ಪಿದರೆ ಅರ್ಧ ಬರೆದ ಕಡತವಷ್ಟೇ ಸರ್ವರ್‌ನಲ್ಲಿ ಉಳಿಯಬಹುದು. ಗಣಕಯಂತ್ರಕ್ಕೆ ಯುಪಿಎಸ್ ಇದ್ದರೂ ನೆಟ್‌ವರ್ಕ್ ಸ್ವಿಚ್‌ಗೆ ಇಲ್ಲದಿದ್ದರೆ ವಿದ್ಯುತ್ ಹೋದೊಡನೆ ಸಂಪರ್ಕ ಕಡಿದುಹೋಗುತ್ತದೆ.

ಮೇಲ್ಬರಹ: ತುಮಕೂರು ನಗರದ ಸರ್ವರ್‌ನಲ್ಲಿರುವ ಒಂದೇ ಕಡತವನ್ನು ಗುಬ್ಬಿ ಮತ್ತು ಕುಣಿಗಲ್‌ನ ಶಾಖೆಗಳಲ್ಲಿ ಇಬ್ಬರು ಏಕಕಾಲದಲ್ಲಿ ತಿದ್ದುತ್ತಿದ್ದಾರೆ ಎಂದು ಊಹಿಸಬಹುದು. ತಂತ್ರಾಂಶವು ಕಡತಕ್ಕೆ ಬೀಗ ಹಾಕದಿದ್ದರೆ, ಕೊನೆಗೆ ಉಳಿಸಿದವರ ಪ್ರತಿ ಮೊದಲಿನವರ ತಿದ್ದುಪಡಿಗಳನ್ನು ಅಳಿಸಿಹಾಕುತ್ತದೆ. ಕೆಲವು ಜಾಲ ವ್ಯವಸ್ಥೆಗಳಲ್ಲಿ ಬೀಗದ ವಿಧಾನವೇ ದೋಷಯುಕ್ತವಾಗಿರುವುದರಿಂದ ದತ್ತಸಂಚಯ ಕೆಡಬಹುದೆಂದು ಎಸ್‌ಕ್ಯೂಲೈಟ್‌ನ ಅಧಿಕೃತ ದಾಖಲೆ ಎಚ್ಚರಿಸುತ್ತದೆ.

ಕೊಂಡಿ ತಪ್ಪುವಿಕೆ: ಅನೇಕ ಪ್ರಾಜೆಕ್ಟ್ ಕಡತಗಳಲ್ಲಿ ಚಿತ್ರ, ವಿಡಿಯೊಗಳ ಬದಲು ಅವು ಇರುವ ಸ್ಥಳದ ವಿಳಾಸ ಮಾತ್ರ ಇರುತ್ತದೆ. ಒಂದು ಯಂತ್ರದಲ್ಲಿ ‘ಝಡ್’ ಎನಿಸಿದ ಡ್ರೈವ್ ಇನ್ನೊಂದರಲ್ಲಿ ‘ವೈ’ ಆಗಿದ್ದರೆ ಆ ಕೊಂಡಿಗಳು ತಪ್ಪಬಹುದು.

ವಿಳಂಬ: ಸೆಕೆಂಡಿಗೆ 100 ಮೆಗಾಬಿಟ್ ವೇಗದ ಜಾಲದಲ್ಲಿ 1 ಗಿಗಾಬೈಟ್ ಕಡತ ಸಾಗಲು ಕನಿಷ್ಠ 80 ಸೆಕೆಂಡ್ ಬೇಕು. ಅಂತರಜಾಲದ ಮೂಲಕ ದೂರದ ಶಾಖೆಯಿಂದ ತೆರೆದಾಗ ಈ ಅವಧಿ ಇನ್ನೂ ಹೆಚ್ಚಬಹುದು. ಸಂಪರ್ಕ ತಪ್ಪುವ ಸಂಭವವೂ ಹೆಚ್ಚುತ್ತದೆ.

ಅಳಿಸುವಿಕೆ: ವಿಂಡೋಸ್‌ನಲ್ಲಿ ನೆಟ್‌ವರ್ಕ್ ಡ್ರೈವ್‌ನಿಂದ ಅಳಿಸಿದ ಕಡತ ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ.

ಕುತಂತ್ರಾಂಶ: ಒಂದು ಯಂತ್ರಕ್ಕೆ ತಗುಲಿದ ರ್‍ಯಾನ್ಸಮ್‌ವೇರ್, ಬರೆಯುವ ಅನುಮತಿಯಿರುವ ಹಂಚಿಕೆಯ ಡ್ರೈವ್‌ನ ಕಡತಗಳನ್ನೂ ಗೂಢಲಿಪೀಕರಿಸಬಲ್ಲದು. 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ವಾನ್ನಾಕ್ರೈ, ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ದೋಷವನ್ನು ಬಳಸಿಕೊಂಡಿತ್ತು. ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್ 14ರಂದೇ ಇದಕ್ಕೆ ಪರಿಹಾರ ನೀಡಿತ್ತಾದರೂ, ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ದಾಳಿಗೆ ತುತ್ತಾದವು.

ಮುನ್ನೆಚ್ಚರಿಕೆಗಳು

* ಕಡತವನ್ನು ಅದರ ಕೊಂಡಿಯ ಸಾಮಗ್ರಿಯೊಂದಿಗೆ ಸ್ಥಳೀಯ ಡಿಸ್ಕ್‌ಗೆ ನಕಲಿಸಿಕೊಂಡು ಕೆಲಸ ಮಾಡಿ, ಮುಗಿದ ಬಳಿಕ ದಿನಾಂಕವಿರುವ ಹೊಸ ಹೆಸರಿನಲ್ಲಿ ಸರ್ವರ್‌ಗೆ ಮರಳಿಸುವುದು.
* ಒಂದು ವೇಳೆಗೆ ಒಬ್ಬರೇ ತಿದ್ದುವಂತೆ ನೋಡಿಕೊಳ್ಳುವುದು. ತಂತ್ರಾಂಶ ಸಂಕೇತಗಳಿಗೆ ಗಿಟ್‌ನಂತಹ ಆವೃತ್ತಿ ನಿಯಂತ್ರಣ ವ್ಯವಸ್ಥೆ ಬಳಸುವುದು.
* ಎಲ್ಲ ಯಂತ್ರಗಳಲ್ಲೂ ಡ್ರೈವ್‌ಗೆ ಒಂದೇ ಅಕ್ಷರ ನೀಡುವುದು.
* ಸರ್ವರ್ ಮತ್ತು ಸ್ವಿಚ್ ಎರಡಕ್ಕೂ ಯುಪಿಎಸ್ ಒದಗಿಸುವುದು.
* ಜಾಲದಿಂದ ಬೇರ್ಪಡಿಸಿದ ಡಿಸ್ಕ್‌ನಲ್ಲಿ ಬ್ಯಾಕಪ್ ಇಟ್ಟು, ಅದರಿಂದ ಕಡತಗಳು ಮರಳಿ ತೆರೆದುಕೊಳ್ಳುತ್ತವೆಯೇ ಎಂದು ಆಗಾಗ ಪರೀಕ್ಷಿಸುವುದು. ಹಂಚಿಕೆಯ ಡ್ರೈವ್ ಸ್ವತಃ ಬ್ಯಾಕಪ್ ಅಲ್ಲ.