ಶೂರ್ ಎಸ್‌ಎಂ7ಬಿ

ಶೂರ್ ಎಸ್‌ಎಂ7ಬಿ ಅಮೆರಿಕದ ಶೂರ್ ಸಂಸ್ಥೆಯು ತಯಾರಿಸುವ ಡೈನಮಿಕ್ ಮಾದರಿಯ ಮೈಕ್ರೊಫೋನ್. ಇದರ ಮೂಲರೂಪವಾದ ಎಸ್‌ಎಂ7 ಬಳಕೆಗೆ ಬಂದದ್ದು 1973ರಲ್ಲಿ. ಎಸ್‌ಎಂ7ಬಿ 2001ರಲ್ಲಿ ಹೊರಬಂದಿತು. ಮೈಕೆಲ್ ಜಾಕ್ಸನ್ ಅವರ 'ಥ್ರಿಲ್ಲರ್' (1982) ಧ್ವನಿಮುದ್ರಣದಲ್ಲಿ ಎಸ್‌ಎಂ7 ಬಳಕೆಯಾಗಿತ್ತು. ಇಂದು ಎಸ್‌ಎಂ7ಬಿ ಪಾಡ್‌ಕಾಸ್ಟ್ ಹಾಗೂ ನೇರಪ್ರಸಾರಗಳಲ್ಲಿ ಜನಪ್ರಿಯವಾಗಿದೆ.

ಕಾರ್ಯವಿಧಾನ

ಧ್ವನಿಯಿಂದ ಕಂಪಿಸುವ ತೆಳುಪೊರೆಗೆ ಅಂಟಿದ ತಂತಿಸುರುಳಿಯು ಕಾಂತಕ್ಷೇತ್ರದಲ್ಲಿ ಚಲಿಸಿದಾಗ ವಿದ್ಯುತ್ ಸಂಕೇತ ಉಂಟಾಗುತ್ತದೆ. ಇದು ಮುಂಭಾಗದ ಧ್ವನಿಯನ್ನು ಹೆಚ್ಚಾಗಿಯೂ ಹಿಂಭಾಗದ ಧ್ವನಿಯನ್ನು ಅತಿ ಕಡಿಮೆಯಾಗಿಯೂ ಗ್ರಹಿಸುತ್ತದೆ. ಬಾಯಿಯ ಸಮೀಪ ಇರಿಸಿದಾಗ ಕೋಣೆಯ ಪ್ರತಿಧ್ವನಿ ಹಾಗೂ ಫ್ಯಾನಿನ ಸದ್ದು ಕಡಿಮೆ ಕೇಳುತ್ತವೆ.

ಆಯ್ಕೆ

ಎಸ್‌ಎಂ7ಬಿಯ ಸಂಕೇತ ಬಹಳ ಕ್ಷೀಣವಾದುದರಿಂದ ಅದಕ್ಕೆ ಸುಮಾರು 60 ಡೆಸಿಬೆಲ್ ವರ್ಧನೆ ಅಗತ್ಯ. ಇದನ್ನು ಕಂಪ್ಯೂಟರಿಗೆ ನೇರವಾಗಿ ಜೋಡಿಸಲಾಗದು; ಎಕ್ಸ್‌ಎಲ್‌ಆರ್ ಕೇಬಲ್ ಮತ್ತು ಆಡಿಯೊ ಇಂಟರ್‌ಫೇಸ್ ಬೇಕು. ಇಂಟರ್‌ಫೇಸಿನ ಶಕ್ತಿ ಸಾಲದಿದ್ದರೆ ಮಾತು ಮಂದವಾಗಿ ಕೇಳುತ್ತದೆ. ಅದನ್ನು ಏರಿಸಲು ಹೋದರೆ ಗುಸುಗುಸು ಸದ್ದೂ ಏರುತ್ತದೆ. ಆದ್ದರಿಂದ ಕೊಳ್ಳುವವರು ಈ ಉಪಕರಣಗಳ ಬೆಲೆಯನ್ನೂ ಸೇರಿಸಿ ಲೆಕ್ಕಹಾಕಬೇಕಾಗುತ್ತದೆ. 2023ರಲ್ಲಿ ಬಂದ ಎಸ್‌ಎಂ7ಡಿಬಿಯಲ್ಲಿ ವರ್ಧಕವು ಒಳಗೇ ಇದೆ.

ಬಾಯಿ ಮತ್ತು ಮೈಕಿನ ನಡುವಣ ದೂರ ಇಮ್ಮಡಿಯಾದರೆ ನೇರ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಪ್ರತಿಧ್ವನಿ ಅಷ್ಟು ಇಳಿಯುವುದಿಲ್ಲ. ಹೀಗಾಗಿ ಆನ್‌ಲೈನ್ ಸಭೆ, ತರಗತಿಗಳಿಗೆ ದೂರದಲ್ಲಿರಿಸಿದ ದುಬಾರಿ ಮೈಕಿಗಿಂತ ಬಾಯಿಯ ಬಳಿ ಮೈಕ್ ಇರುವ ಸಾಧಾರಣ ಹೆಡ್‌ಸೆಟ್ ಹೆಚ್ಚು ಸ್ಪಷ್ಟವಾಗಿ ಕೇಳಿಸಬಹುದು.