ಬೀಗ ಹಾಕಿದ ಪಠ್ಯಪುಸ್ತಕ: ಆಫ್ರಿಕಾದ ಕಥೆ

ಇದು ಸ್ವಲ್ಪ ಉದ್ದದ ಬರಹ, ಮೊದಲೇ ಹೇಳಿಬಿಡುತ್ತೇನೆ. ಪುರುಸೊತ್ತಿದ್ದಾಗ ಪಕ್ಕದಲ್ಲಿ ಒಂದು ಲೋಟ ಕಾಫಿ ಇಟ್ಟುಕೊಂಡು ಓದಿ :)

ಡಿಜಿಟಲ್ ಪುಸ್ತಕಕ್ಕೆ ಹಾಕುವ ಬೀಗಕ್ಕೆ ಡಿಆರ್‌ಎಂ ಅಂತ ಹೆಸರು. ಪುಸ್ತಕದ ಫೈಲನ್ನು ಗೂಢಲಿಪಿಗೆ ಬದಲಾಯಿಸಿ, ಅದರ ಕೀಲಿಯನ್ನು ದುಡ್ಡು ಕೊಟ್ಟವರ ಯಂತ್ರಕ್ಕೆ ಮಾತ್ರ ಕೊಡುವುದು, ಇಷ್ಟೇ ಅದರ ಗುಟ್ಟು. ಬೀಗ ಗಟ್ಟಿಯಾದರೆ ಕಳ್ಳಪ್ರತಿ ಕಡಿಮೆ, ಸಡಿಲವಾದರೆ ಓದುವವರಿಗೆ ಸುಲಭ, ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲಬೇಕು ಅಂತ ನಮ್ಮಂಥ ತಂತ್ರಾಂಶದವರ ವಾದ. ಆಫ್ರಿಕಾದ ಪಠ್ಯಪುಸ್ತಕಗಳ ಚರಿತ್ರೆ ಓದುತ್ತಾ ಹೋದಂತೆ ನನಗೆ ಈ ತಕ್ಕಡಿಯ ಲೆಕ್ಕವೇ ಸರಿಯಿಲ್ಲ ಅನ್ನಿಸತೊಡಗಿದೆ. ಯಾಕೆ ಅಂತ ಹೇಳಬೇಕಾದರೆ ಕಂಪ್ಯೂಟರಿಗಿಂತ ಬಹಳ ಹಿಂದಿನಿಂದ ಶುರು ಮಾಡಬೇಕು.

1960 ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಹೊಸ ಸರ್ಕಾರಗಳು ಊರೂರಲ್ಲಿ ಶಾಲೆ ತೆರೆದವು. ಶಾಲೆ ಕಟ್ಟಬಹುದು, ಮೇಷ್ಟ್ರನ್ನೂ ಹುಡುಕಬಹುದು. ಪುಸ್ತಕ? ಅದು ಬರಬೇಕಾದ್ದು ಲಂಡನ್ನಿನಿಂದ, ಪ್ಯಾರಿಸ್ಸಿನಿಂದ. ಅಲ್ಲಿಯ ಬೆಲೆಗೆ, ಅಲ್ಲಿಯ ಕರೆನ್ಸಿಯಲ್ಲಿ. ಕಾಪಿರೈಟ್ ಕಾನೂನು ಕೂಡ ಆಳಿದವರೇ ಬಿಟ್ಟುಹೋದದ್ದು. 1963ರ ಆಗಸ್ಟಿನಲ್ಲಿ ಕಾಂಗೋದ ಬ್ರಾಜಾವಿಲ್ ನಗರದಲ್ಲಿ ಆಫ್ರಿಕಾದ ದೇಶಗಳ ಪ್ರತಿನಿಧಿಗಳು ಸೇರಿ ಕಾಪಿರೈಟ್ ಬಗ್ಗೆ ಚರ್ಚೆ ಮಾಡಿದರು. ಯುನೆಸ್ಕೋ ಜೊತೆಗೂಡಿ ನಡೆಸಿದ ಸಭೆ ಅದು. ಅಲ್ಲಿ ಎದ್ದ ಪ್ರಶ್ನೆ ಸರಳವಾಗಿತ್ತು: ಶಾಲೆಗೆ ಬೇಕಾದ ಪುಸ್ತಕವನ್ನು ಬಡ ದೇಶವೊಂದು ತಾನೇ ಅಚ್ಚು ಹಾಕಿಕೊಳ್ಳಬಹುದೇ, ಹಾಕಿಕೊಂಡರೆ ಎಷ್ಟು ಕೊಡಬೇಕು?

ನಾಲ್ಕು ವರ್ಷದ ನಂತರ, 1967ರಲ್ಲಿ, ಇದೇ ಪ್ರಶ್ನೆ ಸ್ಟಾಕ್‌ಹೋಮ್ ತಲುಪಿತು. ಬರ್ನ್ ಒಪ್ಪಂದ ಅಂದರೆ ಜಗತ್ತಿನ ಕಾಪಿರೈಟ್ ನಿಯಮಗಳ ತಾಯಿಬೇರು. ಅದನ್ನು ತಿದ್ದುವ ಸಮ್ಮೇಳನ ಅಲ್ಲಿ ನಡೆಯಿತು. ಇಲ್ಲಿ ನಮ್ಮ ದೇಶದ ಪಾತ್ರವೂ ದೊಡ್ಡದು, ಆಫ್ರಿಕಾದ ದೇಶಗಳ ಜೊತೆ ನಿಂತು ಜೋರಾಗಿ ವಾದಿಸಿದ್ದು ಭಾರತ. ಕೊನೆಗೆ ಒಂದು ಅನುಬಂಧ ಒಪ್ಪಿಗೆಯಾಯಿತು. ಬಡ ದೇಶಗಳು ಕಾಪಿರೈಟಿನ ಅವಧಿಯನ್ನು ಕಡಿಮೆ ಮಾಡಿಕೊಳ್ಳಬಹುದು, ಪಾಠಕ್ಕೂ ಸಂಶೋಧನೆಗೂ ಬೇಕಾದ ಪುಸ್ತಕಗಳನ್ನು ತಮ್ಮ ದೇಶದ ದರದಲ್ಲಿ ಗೌರವಧನ ಕೊಟ್ಟು ಅಚ್ಚು ಹಾಕಿಕೊಳ್ಳಬಹುದು. ಬ್ರಿಟನ್ನಿನ ಪ್ರಕಾಶಕರು ಕೆಂಡವಾದರು. ಪುಸ್ತಕ ಇದ್ದ ದೇಶಗಳು ಸಹಿ ಹಾಕದಿದ್ದರೆ ಇಂಥ ಅನುಬಂಧಕ್ಕೆ ಬೆಲೆ ಏನು? ಅದು ಜಾರಿಗೇ ಬರಲಿಲ್ಲ.

1971ರಲ್ಲಿ ಪ್ಯಾರಿಸ್ಸಿನಲ್ಲಿ ರಾಜಿ ಆಯಿತು. ಹೊಸ ಅನುಬಂಧ ಇವತ್ತಿಗೂ ಜಾರಿಯಲ್ಲಿದೆ, ಅದರ ಷರತ್ತು ನೋಡಿ. ವಿಜ್ಞಾನ, ಗಣಿತ, ತಂತ್ರಜ್ಞಾನದ ಪುಸ್ತಕವಾದರೆ ಪ್ರಕಟವಾಗಿ 3 ವರ್ಷ ಕಾಯಬೇಕು. ಸಾಮಾನ್ಯ ಪುಸ್ತಕಕ್ಕೆ 5 ವರ್ಷ. ಕಥೆ, ಕಾವ್ಯ, ನಾಟಕಕ್ಕೆ 7 ವರ್ಷ. ಆಮೇಲೆ ಅರ್ಜಿ ಹಾಕಿ ಮತ್ತೆ ಕೆಲವು ತಿಂಗಳು ಕಾಯಬೇಕು. ಅಷ್ಟರಲ್ಲಿ ಮೂಲ ಪ್ರಕಾಶಕ ಅದೇ ಪುಸ್ತಕವನ್ನು ಆ ದೇಶದ ಸಾಮಾನ್ಯ ಬೆಲೆಗೆ ಮಾರಾಟಕ್ಕೆ ಇಟ್ಟರೆ ಅರ್ಜಿ ಬಿದ್ದುಹೋಗುತ್ತದೆ. ಅಚ್ಚು ಹಾಕಿದ್ದನ್ನು ಪಕ್ಕದ ದೇಶಕ್ಕೆ ಕಳಿಸುವಂತಿಲ್ಲ. ಒಂದು ಚಿಕ್ಕ ದೇಶ ಇಷ್ಟೆಲ್ಲ ಮಾಡಿ ಎಷ್ಟು ಪ್ರತಿ ಅಚ್ಚು ಹಾಕೀತು? ಹಾಗಾಗಿ ಈ ದಾರಿಯಲ್ಲಿ ಹೋದವರು ಬಹಳ ಕಮ್ಮಿ. ಇನ್ನೊಂದು ವಿಷಯ, ಇದನ್ನು ಬರೆದದ್ದು ಮುದ್ರಿತ ಪುಸ್ತಕ ಅಥವಾ ಅದಕ್ಕೆ ಹೋಲುವ ರೂಪಕ್ಕೆ ಅಂತ. ಡಿಜಿಟಲ್ ಕಡತ ಆ ಮಾತಿನೊಳಗೆ ಬರುತ್ತದೋ ಇಲ್ಲವೋ ಅಂತ ಪಂಡಿತರು ಇನ್ನೂ ಜಗಳಾಡುತ್ತಾರೆ.

ಕಾನೂನಿನ ಬಾಗಿಲು ಹೀಗೆ ಅರ್ಧ ಮುಚ್ಚಿದ್ದಾಗ ಒಂದು ಕಿಟಕಿ ತೆರೆದಿತ್ತು. ಇಂಜಿನಿಯರಿಂಗ್ ಓದಿದವರು ಕಾಲೇಜಿನ ಲೈಬ್ರರಿಯ ಮೂಲೆಯಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ಇಎಲ್‌ಬಿಎಸ್ ಪುಸ್ತಕಗಳನ್ನು ನೋಡಿರುತ್ತೀರಿ. ಬ್ರಿಟಿಷ್ ಸರ್ಕಾರ ತನ್ನ ದುಡ್ಡು ಹಾಕಿ, ಇಂಗ್ಲಿಷ್ ಪಠ್ಯಪುಸ್ತಕಗಳನ್ನು ಅಗ್ಗದ ಆವೃತ್ತಿಯಲ್ಲಿ ಹೊರದೇಶಗಳಿಗೆ ಕಳಿಸುತ್ತಿದ್ದ ಯೋಜನೆ ಅದು. 1960ರ ದಶಕದಿಂದ 1990ರ ದಶಕದವರೆಗೆ ನಡೆಯಿತು. ನಮ್ಮಲ್ಲಿಗೆ ಬಂದ ಹಾಗೆಯೇ ನೈಜೀರಿಯಾ, ಘಾನಾ, ಕೆನ್ಯಾಕ್ಕೂ ಹೋಗುತ್ತಿತ್ತು. ವಿದ್ಯಾರ್ಥಿ ಪೂರ್ತಿ ಬೆಲೆ ಕೊಡುತ್ತಿರಲಿಲ್ಲ, ಪ್ರಕಾಶಕನಿಗೆ ನಷ್ಟವೂ ಆಗುತ್ತಿರಲಿಲ್ಲ. ನಡುವಿನ ವ್ಯತ್ಯಾಸವನ್ನು ಮೂರನೆಯವರು ಮೊದಲೇ ತುಂಬಿಬಿಡುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1986ರಲ್ಲಿ ನೈಜೀರಿಯಾ ಆರ್ಥಿಕ ಹೊಂದಾಣಿಕೆ ಅಂತ ಹೊರಟಿತು, ಅಲ್ಲಿಯ ನೈರಾದ ಬೆಲೆ ಪಾತಾಳಕ್ಕಿಳಿಯಿತು. ಆಮದಾಗುವ ಪುಸ್ತಕ ಪ್ರೊಫೆಸರರ ಸಂಬಳಕ್ಕೂ ಎಟುಕದಂತಾಯಿತು. ಆ ಕಾಲವನ್ನು ಅಲ್ಲಿ ಪುಸ್ತಕದ ಬರಗಾಲ ಅಂತಲೇ ಕರೆಯುತ್ತಾರೆ. ಬರಗಾಲದಲ್ಲಿ ಯಾರು ಬೆಳೆದರು? ಜೆರಾಕ್ಸ್ ಅಂಗಡಿಯವರು, ಕಳ್ಳಪ್ರತಿ ಅಚ್ಚು ಹಾಕುವವರು.

ಇಲ್ಲಿ ಒಂದು ಮಾತು. ಕಳ್ಳಪ್ರತಿ ಅಂದಕೂಡಲೇ ನಮಗೆ ಕಾಣುವುದು ಲಂಡನ್ನಿನ ಶ್ರೀಮಂತ ಪ್ರಕಾಶಕ. ಅವನಿಗೆ ಒಂದೆರಡು ಸಾವಿರ ಪ್ರತಿ ಹೋದರೆ ಏನಂತೆ ಅಂತ ಅನ್ನಿಸುವುದು ಸಹಜ. ಆದರೆ ಆಫ್ರಿಕಾದ ಬಹುಪಾಲು ದೇಶಗಳಲ್ಲಿ ಸ್ಥಳೀಯ ಪ್ರಕಾಶಕರ ಅನ್ನ ಇರುವುದೇ ಶಾಲಾ ಪುಸ್ತಕದಲ್ಲಿ. ಕಾದಂಬರಿ, ಕವನ ಸಂಕಲನ ಎಲ್ಲ ಆ ಲಾಭದ ಮೇಲೆಯೇ ಬದುಕುವುದು. ಕಳ್ಳಪ್ರತಿಯ ಹೊಡೆತ ಮೊದಲು ಬೀಳುವುದು ಯೊರುಬಾದಲ್ಲೋ ಸ್ವಾಹಿಲಿಯಲ್ಲೋ ಪಠ್ಯ ಬರೆಯುವ ಮೇಷ್ಟ್ರಿಗೆ. ಅವರು ಬರೆಯುವುದನ್ನು ಬಿಟ್ಟರೆ ಮಕ್ಕಳಿಗೆ ಉಳಿಯುವುದು ಮತ್ತೆ ಅದೇ ಆಮದಿನ ಪುಸ್ತಕ. ಹಾಗಾಗಿ "ಎಲ್ಲ ಬಿಟ್ಟಿ ಕೊಡಿ" ಅನ್ನುವವರ ಗುಂಪಿಗೆ ನಾನು ಸೇರುವುದಿಲ್ಲ.

ಈಗ ಕಂಪ್ಯೂಟರಿಗೆ ಬರೋಣ. ಪೂರ್ವ ಆಫ್ರಿಕಾಕ್ಕೆ ಸೀಕಾಮ್ ಎಂಬ ಸಮುದ್ರದಡಿಯ ಕೇಬಲ್ ಬಂದದ್ದು 2009ರ ಜುಲೈನಲ್ಲಿ (ಅದರ ಒಂದು ತುದಿ ನಮ್ಮ ಮುಂಬೈಯಲ್ಲಿದೆ). ಅದಕ್ಕೆ ಮುಂಚೆ ಎಲ್ಲವೂ ಉಪಗ್ರಹದ ಮೂಲಕ, ದುಬಾರಿ, ನಿಧಾನ. ಆ ಕಾಲದಲ್ಲೇ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿದ್ದ ಕ್ಲಿಫ್ ಮಿಸ್ಸೆನ್ ಅವರ ತಂಡ ಇ-ಗ್ರೇನರಿ ಅಂತ ಮಾಡಿತು. ಗ್ರೇನರಿ ಅಂದರೆ ಕಣಜ. ಅಂತರ್ಜಾಲ ತಾಣಗಳನ್ನು ಅವುಗಳ ಮಾಲೀಕರ ಅನುಮತಿ ಕೇಳಿ ಹಾರ್ಡ್‌ಡಿಸ್ಕಿಗೆ ತುಂಬಿ, ಕಾಲೇಜಿನ ಒಳಜಾಲಕ್ಕೆ ಜೋಡಿಸುವುದು. ಹೊರಗಿನ ಸಂಪರ್ಕ ಬೇಡವೇ ಬೇಡ. ಸುಗ್ಗಿಯಲ್ಲಿ ತುಂಬಿಸಿ ವರ್ಷವಿಡೀ ಉಣ್ಣುವ ಲೆಕ್ಕ. 2002ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರು ದೊಡ್ಡ ಪ್ರಕಾಶಕರನ್ನು ಒಪ್ಪಿಸಿ ಹಿನಾರಿ ಶುರು ಮಾಡಿತು. ಬಡ ದೇಶಗಳ ವೈದ್ಯಕೀಯ ಸಂಸ್ಥೆಗಳಿಗೆ ಸಂಶೋಧನಾ ಪತ್ರಿಕೆಗಳು ಉಚಿತ ಅಥವಾ ಅಗ್ಗ. ಪಾಸ್‌ವರ್ಡ್ ಸಂಸ್ಥೆಯ ಹೆಸರಿಗೆ, ವಿದ್ಯಾರ್ಥಿಯ ಜೇಬು ಯಾರೂ ತಡಕುವುದಿಲ್ಲ.

ಇದೇ ಹೊತ್ತಿಗೆ ಪಶ್ಚಿಮದಲ್ಲಿ ಇ-ಪುಸ್ತಕಗಳ ಬೀಗ ತಯಾರಾಗುತ್ತಿತ್ತು. ಆ ಬೀಗ ತನ್ನ ಓದುಗನ ಬಗ್ಗೆ ಏನೇನು ಅಂದುಕೊಂಡಿತ್ತು ನೋಡಿ. ಅವನ ಹತ್ತಿರ ಕ್ರೆಡಿಟ್ ಕಾರ್ಡ್ ಇದೆ. ಅವನ ಹೆಸರಿಗೆ ಒಂದು ಖಾತೆ ಇದೆ. ಸ್ವಂತ ಯಂತ್ರ ಇದೆ. ಕೀಲಿ ತರಲು ಬೇಕೆಂದಾಗ ಅಂತರ್ಜಾಲ ಸಿಗುತ್ತದೆ. ಮನೆಮಂದಿಗೆಲ್ಲ ಒಂದೇ ಫೋನಿರುವ ಹಳ್ಳಿಗೆ ಈ ನಾಲ್ಕರಲ್ಲಿ ಒಂದೂ ಹೊಂದುವುದಿಲ್ಲ. ಅಂದರೆ ಆ ಬೀಗ ಕಳ್ಳನಿಗಿಂತ ಮೊದಲು, ದುಡ್ಡು ಕೊಡಲು ಸಿದ್ಧನಿದ್ದ ಓದುಗನನ್ನೇ ಹೊರಗಿಟ್ಟಿತು. ಕಳ್ಳನಿಗೇನು, ಬೀಗ ಒಡೆದ ಒಂದು ಪ್ರತಿ ಸಿಕ್ಕರೆ ಸಾಕು, ಮಿಕ್ಕದ್ದೆಲ್ಲ ಅದರ ನಕಲು.

2010ರಲ್ಲಿ ವರ್ಲ್ಡ್‌ರೀಡರ್ ಎಂಬ ಸಂಸ್ಥೆ ಘಾನಾದ ಶಾಲೆಗಳಿಗೆ ಕಿಂಡಲ್ ಹಂಚಿತು. ಕಟ್ಟಿದವರಲ್ಲಿ ಒಬ್ಬರಾದ ಡೇವಿಡ್ ರಿಷರ್ ಹಿಂದೆ ಅಮೆಜಾನಿನಲ್ಲಿದ್ದವರು. ಮಕ್ಕಳ ಕೈಗೆ ಕೊಟ್ಟರೆ ಕಳ್ಳರ ಪಾಲಾಗುತ್ತದೆ ಅಂತ ಹಲವರಿಗೆ ಅನುಮಾನ ಇತ್ತು. ನಿಜವಾಗಿ ಕಾಡಿದ್ದು ಬೇರೆಯೇ, ಆ ಪ್ರಯೋಗದಲ್ಲಿ ಸುಮಾರು ಶೇಕಡಾ 40ರಷ್ಟು ಯಂತ್ರಗಳು ಒಡೆದುಹೋದವು! ಎರಡೇ ವರ್ಷಕ್ಕೆ ಅವರು ಜನರ ಕೈಯಲ್ಲಿ ಆಗಲೇ ಇದ್ದ ಸಾದಾ ಮೊಬೈಲಿಗೂ ಪುಸ್ತಕ ಕಳಿಸತೊಡಗಿದರು. ಆಫ್ರಿಕಾದ ಪ್ರಕಾಶಕರ ಪುಸ್ತಕಗಳನ್ನೂ ಡಿಜಿಟಲ್ ಮಾಡಿಸಿ ಸೇರಿಸಿಕೊಂಡರು, ಇದು ನನಗೆ ಬಹಳ ಇಷ್ಟವಾದ ವಿಷಯ.

ಇನ್ನೊಂದು ದಾರಿ ದಕ್ಷಿಣ ಆಫ್ರಿಕಾದ್ದು. 2002ರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯದ ಮಾರ್ಕ್ ಹಾರ್ನರ್ ಮತ್ತು ಗೆಳೆಯರು, ಎಲ್ಲ ಸ್ನಾತಕೋತ್ತರ ವಿದ್ಯಾರ್ಥಿಗಳು, ಪ್ರೌಢಶಾಲೆಗೆ ಬೇಕಾದ ವಿಜ್ಞಾನದ ಪುಸ್ತಕವನ್ನು ತಾವೇ ಬರೆಯಲು ಕೂತರು. ಮುಕ್ತ ತಂತ್ರಾಂಶದ ಲೋಕದ ಪರವಾನಗಿಯನ್ನೇ ಹಾಕಿದರು, ಯಾರು ಬೇಕಾದರೂ ನಕಲು ಮಾಡಬಹುದು. ಮುಂದೆ ಅದು ಸಿಯಾವುಲಾ ಆಯಿತು, ಅಲ್ಲಿಯ ಭಾಷೆಯಲ್ಲಿ "ನಾವು ತೆರೆಯುತ್ತಿದ್ದೇವೆ" ಅಂತ ಅರ್ಥ. 2012ರಲ್ಲಿ ಅಲ್ಲಿಯ ಶಿಕ್ಷಣ ಇಲಾಖೆ 10ರಿಂದ 12ನೇ ತರಗತಿಯ ಗಣಿತ, ವಿಜ್ಞಾನದ ಈ ಪುಸ್ತಕಗಳನ್ನು ಲಕ್ಷಾಂತರ ಪ್ರತಿ ಅಚ್ಚು ಹಾಕಿಸಿ ಸರ್ಕಾರಿ ಶಾಲೆಗಳಿಗೆ ಹಂಚಿತು. ನಕಲು ಮಾಡಿದರೆ ಹಂಚಿಕೆಗೆ ಸಹಾಯ ಮಾಡಿದ ಹಾಗೆ, ಅಲ್ಲಿಗೆ ಕಳ್ಳಪ್ರತಿ ಅನ್ನುವ ಪದಕ್ಕೇ ಕೆಲಸ ಇಲ್ಲ.

ಅದೇ 2012, ಅದೇ ದೇಶ, ಲಿಂಪೋಪೋ ಪ್ರಾಂತ್ಯ. ಜನವರಿಯಲ್ಲಿ ಶಾಲೆ ಶುರುವಾಗಿ ತಿಂಗಳುಗಟ್ಟಲೆ ಆದರೂ ಪುಸ್ತಕ ಬರಲಿಲ್ಲ. ಸೆಕ್ಷನ್27 ಎಂಬ ಸಂಸ್ಥೆ ಕೋರ್ಟಿಗೆ ಹೋಯಿತು. ಮೇ 17ರಂದು ಕೋರ್ಟು, ಪುಸ್ತಕ ಕೊಡದಿರುವುದು ಶಿಕ್ಷಣದ ಹಕ್ಕಿನ ಉಲ್ಲಂಘನೆ ಅಂತ ತೀರ್ಪು ಕೊಟ್ಟಿತು. ಆಮೇಲೆ ಎಸೆದ ಪುಸ್ತಕಗಳ ರಾಶಿಯೂ ಪತ್ತೆಯಾಯಿತು. 2015ರಲ್ಲಿ ಮೇಲಿನ ಕೋರ್ಟು ಇನ್ನೂ ಸ್ಪಷ್ಟವಾಗಿ ಹೇಳಿತು, ಪ್ರತಿ ವಿಷಯಕ್ಕೂ ಪ್ರತಿ ವಿದ್ಯಾರ್ಥಿಗೂ ಪುಸ್ತಕ ಸಿಗಲೇಬೇಕು ಅಂತ. ಪರವಾನಗಿ ಎಷ್ಟೇ ಮುಕ್ತವಾಗಿದ್ದರೂ ಲಾರಿ ಹೊರಡದಿದ್ದರೆ ಏನುಪಯೋಗ?

ಕೆನ್ಯಾ ಬೇರೆ ಥರ. 2018ರ ಹೊತ್ತಿಗೆ ಸರ್ಕಾರವೇ ನೇರವಾಗಿ ಪ್ರಕಾಶಕರಿಂದ ಕೊಂಡು, ಮಗುವಿಗೊಂದು ಪುಸ್ತಕ ಅನ್ನುವ ಲೆಕ್ಕದಲ್ಲಿ ಶಾಲೆಗೆ ತಲುಪಿಸತೊಡಗಿತು. ಪುಸ್ತಕ ಮಗುವಿನ ಕೈಗೆ ಮೊದಲೇ ಬಂದರೆ ಕಳ್ಳಪ್ರತಿ ಕೊಳ್ಳುವವರು ಯಾರು? ಆದರೆ ಪುಸ್ತಕದಂಗಡಿಗಳಿಗೆ ದೊಡ್ಡ ಪೆಟ್ಟು ಬಿತ್ತು. ಸರ್ಕಾರ ಬಾಕಿ ಉಳಿಸಿಕೊಂಡಿದೆ ಅಂತ ಪ್ರಕಾಶಕರು ಅಲವತ್ತುಕೊಳ್ಳುವುದೂ ಸುದ್ದಿಯಾಯಿತು. ಕೊಳ್ಳುವವನು ಒಬ್ಬನೇ ಆದಾಗ, ಅವನು ದುಡ್ಡು ಕೊಡದಿದ್ದರೆ ಕಳ್ಳಪ್ರತಿಯವನಿಗಿಂತ ಹೆಚ್ಚು ಹಾನಿ ಅವನೇ ಮಾಡಬಲ್ಲ.

ಹಾಗಾದರೆ ಬೀಗವೇ ಬೇಡವೇ? ಹಾಗೇನಿಲ್ಲ. ಪ್ಯಾರಿಸ್ಸಿನ ಇಡಿಆರ್‌ಲ್ಯಾಬ್ ಮುಂತಾದವರು ಸೇರಿ ಮಾಡಿದ ರೀಡಿಯಂ ಎಲ್‌ಸಿಪಿ ಅಂತ ಒಂದು ಬೀಗ ಇದೆ. ಓದುಗನಿಗೆ ಒಂದು ಗುಪ್ತಪದ, ಅಷ್ಟೇ. ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲ ಇಲ್ಲದೆಯೂ ತೆರೆಯುತ್ತದೆ, ಗ್ರಂಥಾಲಯ ಇಷ್ಟು ದಿನಕ್ಕೆ ಅಂತ ಎರವಲು ಕೊಡಬಹುದು. ಒಡೆಯಲಾಗದ ಬೀಗ ಅಂತ ಯಾರೂ ಹೇಳುವುದಿಲ್ಲ. ಮನೆ ಬಾಗಿಲಿನ ಚಿಲಕದ ಹಾಗೆ, ನೆರೆಯವರಿಗೆ ಸೂಚನೆ. ಮೊದಲೇ ಯಾರೋ ದುಡ್ಡು ಕೊಟ್ಟ ಪುಸ್ತಕಕ್ಕೆ ಅಷ್ಟು ಸಾಕು ಅನ್ನಿಸುತ್ತದೆ.

ಕಾನೂನಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ದಕ್ಷಿಣ ಆಫ್ರಿಕಾದ ಕಾಪಿರೈಟ್ ಕಾನೂನು 1978ರದ್ದು. 2022ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯ, ಅಂಧರು ಓದುವ ರೂಪಕ್ಕೆ ಪುಸ್ತಕ ಬದಲಾಯಿಸಲು ಅವಕಾಶ ಇಲ್ಲದ ಆ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ಹೊಸ ಮಸೂದೆಯಲ್ಲಿ, ಅಚ್ಚು ನಿಂತುಹೋದ ಅಥವಾ ಸರಿಯಾದ ಬೆಲೆಗೆ ಸಿಗದ ಪಠ್ಯಪುಸ್ತಕವನ್ನು ಶಾಲೆ ಪೂರ್ತಿ ನಕಲು ಮಾಡಬಹುದು ಅಂತ ಇದೆ. ಪ್ರಕಾಶಕರೂ ಹಲವು ಲೇಖಕರೂ ವಿರೋಧಿಸಿದರು. ಸಂಸತ್ತು ಎರಡನೇ ಸಲ ಒಪ್ಪಿದ ಮೇಲೂ ಅಧ್ಯಕ್ಷ ರಾಮಫೋಸಾ ಸಹಿ ಹಾಕದೆ 2024ರ ಅಕ್ಟೋಬರಿನಲ್ಲಿ ಅದನ್ನು ಅದೇ ಸಾಂವಿಧಾನಿಕ ನ್ಯಾಯಾಲಯಕ್ಕೆ ಒಪ್ಪಿಸಿದರು. ಸರಿಯಾದ ಬೆಲೆ ಅಂದರೆ ಎಷ್ಟು? 1963ರ ಬ್ರಾಜಾವಿಲ್ ಸಭೆಯ ಪ್ರಶ್ನೆಯೂ ಇದೇ ಆಗಿತ್ತಲ್ಲ!

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಇಎಲ್‌ಬಿಎಸ್, ಹಿನಾರಿ, ಸಿಯಾವುಲಾ, ಕೆನ್ಯಾ, ಎಲ್ಲೆಲ್ಲಿ ಪುಸ್ತಕ ಮಕ್ಕಳ ತನಕ ಹೋಯಿತೋ ಅಲ್ಲೆಲ್ಲ ಖರ್ಚನ್ನು ಬೇರೆ ಯಾರೋ ಮೊದಲೇ ಹೊತ್ತಿದ್ದರು: ಸರ್ಕಾರ, ಪ್ರಕಾಶಕರು, ತಮ್ಮ ಸಮಯ ಕೊಟ್ಟ ವಿದ್ಯಾರ್ಥಿಗಳು. ಬೀಗ ಎಷ್ಟು ಗಟ್ಟಿ ಅನ್ನುವುದು ಆಮೇಲಿನ ಪ್ರಶ್ನೆ. ಮೊದಲಿನ ಪ್ರಶ್ನೆ ಬರೆದವರಿಗೆ ದುಡ್ಡು ಯಾರು, ಯಾವಾಗ ಕೊಡುತ್ತಾರೆ ಅನ್ನುವುದು. ಅದಕ್ಕೆ ಉತ್ತರ ಇಲ್ಲದ ಕಡೆ ನಾವು ಎಂಥ ಗೂಢಲಿಪಿ ಬರೆದರೂ, ಪಾಠ ಓದಲೇಬೇಕಾದ ಹುಡುಗಿ ಒಡೆದ ಪ್ರತಿಯನ್ನೇ ಹುಡುಕುತ್ತಾಳೆ. ಅವಳನ್ನು ಕಳ್ಳಿ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ನೈರೋಬಿ, ದಾರ್ ಎಸ್ ಸಲಾಮ್ ಕಡೆ ಇರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಅಕ್ಕಪಕ್ಕದ ಮಕ್ಕಳು ಈಗ ಪಠ್ಯವನ್ನು ಕಾಗದದಲ್ಲಿ ಓದುತ್ತಾರೋ ಫೋನಿನಲ್ಲೋ, ದಯವಿಟ್ಟು ಬರೆದು ತಿಳಿಸಿ.