ಓಟದ ಆಚೆಗೂ ಅಶ್ವಿನಿ

ಕಡೂರು, ತರೀಕೆರೆ, ಅಜ್ಜಂಪುರಗಳ ಶಾಲಾ ಮೈದಾನಗಳಲ್ಲಿ ಕ್ರೀಡಾಕೂಟದ ಕಾಲ ಬಂತೆಂದರೆ ಸುಣ್ಣದ ಪುಡಿಯ ಗೆರೆಗಳು ಬೀಳುತ್ತವೆ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿಗೆ. ನೂರು ಮೀಟರ್ ಓಟದಲ್ಲಿ ಉಳಿದವರನ್ನೆಲ್ಲ ಹಿಂದೆ ಹಾಕುವ ಹುಡುಗಿಯೊಬ್ಬಳು ಪ್ರತಿ ಶಾಲೆಯಲ್ಲೂ ಇರುತ್ತಾಳೆ. 'ಪಿ.ಟಿ. ಉಷಾ ಥರ ಓಡ್ತಾಳೆ' ಎಂದು ಮೇಷ್ಟ್ರು ಬೆನ್ನು ತಟ್ಟುವುದೂ ಉಂಟು. ಮೆಚ್ಚುಗೆಯ ಈ ಮಾತಿನಲ್ಲೇ ಒಂದು ತೊಡಕಿದೆ. ಓಡುವ ಹೆಣ್ಣಿಗೆ ತನ್ನದೇ ಹೆಸರು ದಕ್ಕುವುದು ಸುಲಭವಲ್ಲ. ಕೊಡಗಿನ ಅಶ್ವಿನಿ ನಾಚಪ್ಪ ಅವರ ಬದುಕು ಇದಕ್ಕೊಂದು ನಿದರ್ಶನ.

ಓಟದ ಅಂಗಳಕ್ಕೆ ಹೆಣ್ಣುಮಕ್ಕಳು ಬಂದದ್ದೇ ತಡವಾಗಿ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಅಥ್ಲೆಟಿಕ್ಸ್ ಆರಂಭವಾದದ್ದು 1928ರಲ್ಲಿ, ಆಮ್‌ಸ್ಟರ್‌ಡಾಂನಲ್ಲಿ. ಅಲ್ಲಿ 800 ಮೀಟರ್ ಓಡಿದವರು ಬಳಲಿದರೆಂಬ ಕಾರಣಕ್ಕೆ ಆ ದೂರವನ್ನು 1960ರವರೆಗೆ ಅವರಿಗೆ ಕೊಡಲೇ ಇಲ್ಲ. ಭಾರತದ ಓಟಗಾರ್ತಿಯರು ಒಲಿಂಪಿಕ್ಸ್ ಕಂಡದ್ದು 1952ರಲ್ಲಿ: ಹೆಲ್ಸಿಂಕಿಗೆ ಹೋದವರು ನೀಲಿಮಾ ಘೋಷ್ ಮತ್ತು ಮೇರಿ ಡಿಸೋಜ. ಎರಡೇ ವರ್ಷಗಳ ನಂತರ ಮನಿಲಾ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ವನಿತೆಯರು 4x100 ಮೀಟರ್ ರಿಲೇ ಚಿನ್ನ ಗೆದ್ದರು. ಆದರೆ ಮನೆಮನೆಯಲ್ಲಿ ಮಾತಾಗುವಂಥ ಓಟಗಾರ್ತಿಗಾಗಿ ದೇಶ ಎಂಬತ್ತರ ದಶಕದವರೆಗೆ ಕಾಯಬೇಕಾಯಿತು.

ಆಕೆಯೇ ಉಷಾ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಅಂತರದಿಂದ ಕಂಚು ತಪ್ಪಿತು. ಅದೇ ಕೂಟದ 4x400 ಮೀಟರ್ ರಿಲೇಯಲ್ಲಿ ಉಷಾ, ಶೈನಿ ಅಬ್ರಹಾಂ, ವಲ್ಸಮ್ಮ ಅವರ ಜತೆ ಓಡಿ ಭಾರತವನ್ನು ಏಳನೆಯ ಸ್ಥಾನಕ್ಕೆ ತಂದ ನಾಲ್ಕನೆಯವರು ಕರ್ನಾಟಕದ ವಂದನಾ ರಾವ್. ಮರುವರ್ಷ ಜಕಾರ್ತದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಉಷಾ ಐದು ಚಿನ್ನ, 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕು ಚಿನ್ನ ಗೆದ್ದರು. ಸ್ವದೇಶದ ಟ್ರ್ಯಾಕ್‌ನಲ್ಲಿ ಅವರನ್ನು ಸೋಲಿಸುವವರೇ ಇಲ್ಲವೆಂಬಂತಾಗಿತ್ತು.

ಇಂಥ ಉಷಾರನ್ನು ಎರಡು ಬಾರಿ ಹಿಂದಿಕ್ಕಿದವರು ಅಶ್ವಿನಿ. ಹುಟ್ಟಿದ್ದು 1967ರ ಅಕ್ಟೋಬರ್ 21ರಂದು, ಕೊಡಗಿನ ಮನೆತನದಲ್ಲಿ. ಹಾಕಿ ಕೋಲು ಮನೆಯ ಸಾಮಾನಿನಷ್ಟೇ ಸಹಜವಾಗಿರುವ ನಾಡು ಅದು, ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥ ಆಟಗಾರರನ್ನು ಕೊಟ್ಟ ನೆಲ. ಆದರೆ ಅಶ್ವಿನಿ ಹಿಡಿದದ್ದು ಓಟದ ದಾರಿ. ಬೆಂಗಳೂರಿನಲ್ಲಿ ಪಳಗಿ, ತ್ರಿವಿಧ ಜಿಗಿತದಲ್ಲಿ ಹೆಸರು ಮಾಡಿದ್ದ ಮೊಹಿಂದರ್ ಸಿಂಗ್ ಗಿಲ್ ಅವರ ಮಾರ್ಗದರ್ಶನ ಪಡೆದು ದೇಶದ ಮುಂಚೂಣಿಯ ಓಟಗಾರ್ತಿಯರ ಸಾಲಿಗೆ ಸೇರಿದರು. 1988ರ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು.

ಅದೇ ವರ್ಷ ಅಮೆರಿಕದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 100 ಮೀಟರನ್ನು 10.49 ಸೆಕೆಂಡುಗಳಲ್ಲಿ, 200 ಮೀಟರನ್ನು 21.34 ಸೆಕೆಂಡುಗಳಲ್ಲಿ ಓಡಿ ಜಗತ್ತನ್ನೇ ಬೆರಗುಗೊಳಿಸಿದ್ದರು. ಬಣ್ಣಬಣ್ಣದ ಉಡುಪು, ನೀಳ ಉಗುರುಗಳ ಆಕೆಯನ್ನು ಜನ 'ಫ್ಲೋ ಜೋ' ಎಂದು ಕರೆದರು. ಅಶ್ವಿನಿ ನಮ್ಮ ಪತ್ರಿಕೆಗಳಲ್ಲಿ 'ಭಾರತದ ಫ್ಲೋ ಜೋ' ಆದರು. ಅಂದರೆ, ಒಮ್ಮೆ 'ಉಷಾರನ್ನು ಸೋಲಿಸಿದವರು', ಇನ್ನೊಮ್ಮೆ 'ಫ್ಲೋ ಜೋ ಥರದವರು'. ಎರಡರಲ್ಲೂ ಇದ್ದದ್ದು ಇನ್ನೊಬ್ಬರ ಹೆಸರು. ಕಾಲಿನ ವೇಗಕ್ಕಿಂತ ಉಡುಪು, ಚೆಲುವುಗಳ ಬಗೆಗೇ ಹೆಚ್ಚು ಶಾಯಿ ಖರ್ಚಾದದ್ದೂ ಸುಳ್ಳಲ್ಲ.

ಸಿನಿಮಾ ಬಂದದ್ದೂ ಈ ಖ್ಯಾತಿಯ ಬೆನ್ನಿಗೇ. 1991ರಲ್ಲಿ ತೆರೆಕಂಡ ತೆಲುಗಿನ 'ಅಶ್ವಿನಿ' ಚಿತ್ರದಲ್ಲಿ ಅವರು ತಮ್ಮದೇ ಪಾತ್ರ ವಹಿಸಿದರು. ಇದನ್ನು ತಯಾರಿಸಿದ ಸಂಸ್ಥೆಯೇ 1985ರಲ್ಲಿ, ಕಾಲು ಕಳೆದುಕೊಂಡೂ ನೃತ್ಯ ಬಿಡದ ಸುಧಾ ಚಂದ್ರನ್ ಅವರ ಬದುಕನ್ನು ಅವರಿಂದಲೇ ಅಭಿನಯಿಸಿ 'ಮಯೂರಿ' ಮಾಡಿತ್ತು. ಅಶ್ವಿನಿ ಮತ್ತೆ ಕೆಲವು ಚಿತ್ರಗಳಲ್ಲಿ ನಟಿಸಿದರು. ಆದರೆ ತಾರಾಪಟ್ಟದಲ್ಲಿ ನೆಲೆ ನಿಲ್ಲಲಿಲ್ಲ.

ಓಟಗಾರರ ಬಾಳಿನ ಕಠಿಣ ಭಾಗ ಇಲ್ಲಿಂದಲೇ ಶುರು. ಮೂವತ್ತು ದಾಟುವಷ್ಟರಲ್ಲಿ ಕಾಲು ಸೋಲುತ್ತದೆ, ಬದುಕು ಮುಕ್ಕಾಲು ಪಾಲು ಉಳಿದಿರುತ್ತದೆ. ಒಂದು ಸರ್ಕಾರಿ ನೌಕರಿ, ಗೋಡೆಯ ಮೇಲೆ ಪದಕಗಳು, ವರ್ಷಕ್ಕೊಮ್ಮೆ ಯಾವುದೋ ಕೂಟದ ಉದ್ಘಾಟನೆ: ಬಹುತೇಕರ ಕಥೆ ಇಷ್ಟೇ. ಅಶ್ವಿನಿ ಬೇರೆ ದಾರಿ ಹಿಡಿದರು. ಹಾಕಿ ಆಟಗಾರರಾಗಿದ್ದ ಪತಿ ದತ್ತ ಕರುಂಬಯ್ಯ ಅವರೊಂದಿಗೆ ಕೊಡಗಿನ ಗೋಣಿಕೊಪ್ಪಲಿನಲ್ಲಿ ಶಾಲೆ ಕಟ್ಟಿದರು. 'ಕಾಲ್ಸ್' ಎಂದು ಹೆಸರಾದ ಈ ವಿದ್ಯಾಸಂಸ್ಥೆಯ ಹೆಸರಿನಲ್ಲೇ ಕಲಿಕೆ ಮತ್ತು ಕ್ರೀಡೆ ಜತೆಜತೆಯಾಗಿವೆ. ಆಟಕ್ಕೆ ಹೋದರೆ ಓದು ಕೆಟ್ಟಿತೆಂದು ನಂಬಿರುವ ಸಮಾಜದಲ್ಲಿ ಇದು ಸಣ್ಣ ಮಾತಲ್ಲ.

ಎರಡನೆಯ ಕೆಲಸ ಇನ್ನೂ ಕಷ್ಟದ್ದು. 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಹಗರಣಗಳು ಬಯಲಾದಾಗ, ಕ್ರೀಡಾಡಳಿತದ ಶುದ್ಧೀಕರಣಕ್ಕೆ ಹುಟ್ಟಿಕೊಂಡ 'ಕ್ಲೀನ್ ಸ್ಪೋರ್ಟ್ಸ್ ಇಂಡಿಯಾ' ಆಂದೋಲನದ ಮುಂಚೂಣಿಯಲ್ಲಿ ಅವರು ನಿಂತರು. ಕ್ರೀಡಾ ಸಂಘಟನೆಗಳ ಕುರ್ಚಿಗೆ ಅಂಟಿಕೊಂಡ ರಾಜಕಾರಣಿ, ಅಧಿಕಾರಿಗಳ ಬದಲು ಆಡಿದವರ ಕೈಗೆ ಆಡಳಿತ ಬರಬೇಕೆಂಬುದು ಬೇಡಿಕೆ.

ಆ ಮಾತಿನ ತೂಕ ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಉಡುಪಿ ಜಿಲ್ಲೆಯ ಇನ್ನೊಬ್ಬ ಅಶ್ವಿನಿ, ಅಶ್ವಿನಿ ಅಕ್ಕುಂಜಿ, 2010ರಲ್ಲಿ ದಿಲ್ಲಿಯಲ್ಲಿ ರಿಲೇ ಚಿನ್ನ, ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಚಿನ್ನ ಗೆದ್ದು ನಾಡನ್ನು ಕುಣಿಸಿದ್ದರು. ಮರುವರ್ಷ ಅವರೂ ರಿಲೇ ತಂಡದ ಸಂಗಾತಿಗಳೂ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತಂಡದ ವಿದೇಶಿ ಕೋಚ್ ಕೆಲಸ ಕಳೆದುಕೊಂಡರು. ಓಟಗಾರ್ತಿಯರು ನಿಷೇಧ ಅನುಭವಿಸಿದರು. ಶಿಕ್ಷೆಯ ದೊಡ್ಡ ಪಾಲು ಬಿದ್ದದ್ದು ಓಡಿದವರ ತಲೆಯ ಮೇಲೆ.

2022ರ ಡಿಸೆಂಬರ್‌ನಲ್ಲಿ ಉಷಾ ಭಾರತೀಯ ಒಲಿಂಪಿಕ್ ಸಂಸ್ಥೆಯ ಮೊದಲ ಮಹಿಳಾ ಅಧ್ಯಕ್ಷರಾದರು. ಓಡಿದವರೇ ಆಳಬೇಕೆಂಬ ಬೇಡಿಕೆ ಒಂದು ಹೆಜ್ಜೆ ಮುಂದೆ ಬಂತು. ಆದರೆ ಮೇಲಿನ ಒಂದು ಕುರ್ಚಿಯಿಂದ ಎಲ್ಲವೂ ಸರಿಹೋಗದು. ತಾಲ್ಲೂಕು ಕೂಟದಲ್ಲಿ ಗೆದ್ದ ಹುಡುಗಿ ಎಸ್ಸೆಸ್ಸೆಲ್ಸಿಯ ನಂತರವೂ ಓಡಬೇಕಾದರೆ ಹತ್ತಿರದಲ್ಲೊಂದು ಮೈದಾನ, ಬೈಯದೆ ಕಲಿಸುವ ತರಬೇತುದಾರ, ಓದನ್ನೂ ಬಿಡಿಸದ ಶಾಲೆ ಬೇಕು. ಅಶ್ವಿನಿ ಓಡಿ ಗಳಿಸಿದ ಹೆಸರಿನಲ್ಲಿ ಬೇರೆಯವರ ಪಾಲಿತ್ತು. ಶಾಲೆ ಕಟ್ಟಿ, ಅಧಿಕಾರಸ್ಥರನ್ನು ಪ್ರಶ್ನಿಸಿ ಗಳಿಸಿದ ಹೆಸರು ಪೂರ್ತಿ ಅವರದೇ.